ವಿಠ್ಠಲ ವಿಹಾರದ ದನಿ: ಪ್ರೊ. ಎಂ.ವಿ. ಗೋಪಾಲಸ್ವಾಮಿ ಮತ್ತು ಆಕಾಶವಾಣಿಯ ನಾಮಕರಣ

ಆಧುನಿಕ ಕನ್ನಡದ ಸಾಂಸ್ಕೃತಿಕ ಚರಿತ್ರೆಯನ್ನು ರಚಿಸಿದವರು ಬಹುಮಟ್ಟಿಗೆ ಅಚ್ಚಿನ ಚರಿತ್ರೆಯನ್ನೇ ರಚಿಸಿದ್ದಾರೆ. 1843ರ ‘ಮಂಗಳೂರ ಸಮಾಚಾರ’ದಿಂದ ಮೊದಲ್ಗೊಂಡು ಇಪ್ಪತ್ತನೆಯ ಶತಮಾನದ ಸಾಹಿತ್ಯ ಪತ್ರಿಕೆಗಳವರೆಗೆ ಮುದ್ರಣಕ್ಕೆ ಸಂಬಂಧಿಸಿದ ಅಧ್ಯಾಯಗಳು ವಿಸ್ತಾರವಾಗಿ ಬೆಳೆದಿವೆ. ಕನ್ನಡ ಗದ್ಯವು ಕಣ್ಣಿನಿಂದ ಕಿವಿಗೆ ದಾಟಿದ ಘಟ್ಟಕ್ಕೆ ಮಾತ್ರ ಅಂಥ ಅಧ್ಯಾಯ ದೊರೆತಿಲ್ಲ. ಆ ಘಟ್ಟದ ಕೇಂದ್ರದಲ್ಲಿರುವ ಪ್ರೊ. ಎಂ.ವಿ. ಗೋಪಾಲಸ್ವಾಮಿಯವರು ಸಾಮಾನ್ಯಜ್ಞಾನದ ಪುಸ್ತಕಗಳಲ್ಲಿ ಒಂದು ವಾಕ್ಯವಾಗಿ ಉಳಿದಿದ್ದಾರೆ: ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದವರು, ಅದಕ್ಕೆ ಆಕಾಶವಾಣಿ ಎಂದು ಹೆಸರಿಟ್ಟವರು ಎಂದು. ಈ ವಾಕ್ಯದಲ್ಲಿ ತಪ್ಪೇನೂ ಇಲ್ಲ. ಆದರೆ ಹೆಸರಿನ ಕೀರ್ತಿಯು ಆ ಹೆಸರನ್ನು ಹೊತ್ತ ಪ್ರಯೋಗದ ಸ್ವರೂಪವನ್ನು ಮರೆಮಾಡಿದೆ. ಮುಂದೆ ಆ ಹೆಸರನ್ನು ವಹಿಸಿಕೊಂಡ ಪ್ರಭುತ್ವದ ಸಂಸ್ಥೆಗೂ ಒಬ್ಬ ಅಧ್ಯಾಪಕನ ಮನೆಯಲ್ಲಿ ಹುಟ್ಟಿದ ಮೂಲ ಸಂಸ್ಥೆಗೂ ಇರುವ ಅಂತರವನ್ನು ಅರಿಯಬೇಕಾದರೆ ಆ ಅಧ್ಯಾಪಕನ ಬದುಕಿನಿಂದಲೇ ಹೊರಡಬೇಕಾಗುತ್ತದೆ.

ಗೋಪಾಲಸ್ವಾಮಿಯವರು 1896ರಲ್ಲಿ ಜನಿಸಿದರು. ವೃತ್ತಿಯಿಂದ ಅವರು ಎಂಜಿನಿಯರೂ ಅಲ್ಲ, ಪತ್ರಕರ್ತರೂ ಅಲ್ಲ, ಮನಶ್ಶಾಸ್ತ್ರದ ಪ್ರಾಧ್ಯಾಪಕರು. ಬೆಂಗಳೂರಿನ ಮಾನಸಿಕ ಆಸ್ಪತ್ರೆಯ ಮುಖ್ಯಸ್ಥರಾಗಿದ್ದ ಮನೋವೈದ್ಯ ಡಾ. ಎಂ.ವಿ. ಗೋವಿಂದಸ್ವಾಮಿಯವರು ಅವರ ಸಮಕಾಲೀನರು. ಹೆಸರು, ಊರು, ಅಧ್ಯಯನ ಕ್ಷೇತ್ರ ಎಲ್ಲವೂ ಹತ್ತಿರ ಹತ್ತಿರವಾಗಿರುವುದರಿಂದ ಇಬ್ಬರನ್ನೂ ಒಬ್ಬರೆಂದೇ ಭಾವಿಸುವ ಅಪಾಯವಿದೆ. ಗೋಪಾಲಸ್ವಾಮಿಯವರ ಕ್ಷೇತ್ರ ಆಸ್ಪತ್ರೆಯಲ್ಲ, ತರಗತಿ ಮತ್ತು ಪ್ರಯೋಗಶಾಲೆ.

1920ರ ದಶಕದ ಆದಿಯಲ್ಲಿ ಅವರು ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನಲ್ಲಿ ಚಾರ್ಲ್ಸ್ ಸ್ಪಿಯರ್‌ಮನ್ ಅವರ ಶಿಷ್ಯರಾಗಿ ಸಂಶೋಧನೆ ನಡೆಸಿದರು. ಮನುಷ್ಯನ ಬೇರೆ ಬೇರೆ ಸಾಮರ್ಥ್ಯಗಳ ಹಿಂದೆ ಒಂದು ಸಾಮಾನ್ಯ ಬುದ್ಧಿಶಕ್ತಿ ಕೆಲಸ ಮಾಡುತ್ತದೆಂದು 1904ರಲ್ಲಿ ಪ್ರತಿಪಾದಿಸಿದ ಸ್ಪಿಯರ್‌ಮನ್, ಅದನ್ನು ಅಳೆಯಲು ಗಣಿತದ ಮಾರ್ಗವೊಂದನ್ನೂ ರೂಪಿಸಿದ್ದರು. ಗೋಪಾಲಸ್ವಾಮಿಯವರು ಆರಿಸಿಕೊಂಡ ವಸ್ತು ಚಲನ ಕಲಿಕೆ. ಕನ್ನಡಿಯಲ್ಲಿ ಕಾಣುವ ಪ್ರತಿಬಿಂಬವನ್ನಷ್ಟೇ ನೋಡುತ್ತ ಕೈಯಿಂದ ಗೆರೆ ಎಳೆಯುವಾಗ ಎಡ ಬಲಗಳು, ಹಿಂದು ಮುಂದುಗಳು ತಲೆಕೆಳಗಾಗುತ್ತವೆ. ಆ ಗೊಂದಲವನ್ನು ಕೈ ಹೇಗೆ ಮೀರುತ್ತದೆ, ಅದರಲ್ಲಿ ಬುದ್ಧಿಯ ಪಾಲೆಷ್ಟು ಎಂಬುದು ಅವರ ಪ್ರಶ್ನೆ. ಈ ಅಧ್ಯಯನದ ಫಲವಾದ ಲೇಖನವು 1924ರಲ್ಲಿ ಬ್ರಿಟಿಷ್ ಮನಶ್ಶಾಸ್ತ್ರ ನಿಯತಕಾಲಿಕದಲ್ಲಿ ಪ್ರಕಟವಾಯಿತು. ಚಲನ ಕಲಿಕೆಯನ್ನು ಕುರಿತ ಮುಂದಿನ ಬರೆಹಗಳಲ್ಲಿ ಅದರ ಉಲ್ಲೇಖ ಕಾಣಸಿಗುತ್ತದೆ. ಮಾಧ್ಯಮದ ಚರಿತ್ರೆಗೆ ಇದು ಹೊರಗಿನ ವಿಷಯವೆಂದು ತೋರಬಹುದು. ಆದರೆ ಒಂದು ಇಂದ್ರಿಯಕ್ಕೆ ಅಡ್ಡಿಯೊಡ್ಡಿದಾಗ ಮನಸ್ಸು ಹೇಗೆ ಮರುಹೊಂದಾಣಿಕೆ ಮಾಡಿಕೊಳ್ಳುತ್ತದೆಂಬ ಪ್ರಶ್ನೆಗೂ, ಕಣ್ಣಿಗೆ ಕಾಣದ ಮನುಷ್ಯನ ಮಾತನ್ನು ಕಿವಿಯೊಂದರಿಂದಲೇ ಗ್ರಹಿಸುವ ಬಾನುಲಿಯ ಪ್ರಶ್ನೆಗೂ ಇರುವ ನಂಟು ಕಡೆಗಣಿಸುವಂಥದ್ದಲ್ಲ.

ಅವರು ಲಂಡನ್ನಿನಲ್ಲಿ ಓದಿದ ವರ್ಷಗಳು ಬ್ರಿಟನ್ನಿನಲ್ಲಿ ಪ್ರಸಾರ ಮಾಧ್ಯಮವು ತಲೆಯೆತ್ತಿದ ವರ್ಷಗಳಿಗೆ ಹೊಂದಿಕೊಂಡಿವೆ. ಬಿಬಿಸಿ ತನ್ನ ದೈನಂದಿನ ಪ್ರಸಾರವನ್ನು ಆರಂಭಿಸಿದ್ದು 1922ರ ನವೆಂಬರಿನಲ್ಲಿ. ಈ ಹೊಸ ಮಾಧ್ಯಮದತ್ತ ಮೊದಲು ಕುತೂಹಲದಿಂದ ನೋಡಿದ ವಿದ್ವಾಂಸರಲ್ಲಿ ಮನಶ್ಶಾಸ್ತ್ರಜ್ಞರೂ ಇದ್ದರು. 1927ರಲ್ಲಿ ಟಿ.ಎಚ್. ಪಿಯರ್ ಅವರು ಬಿಬಿಸಿಯ ಮೂಲಕ ಬೇರೆ ಬೇರೆ ವೃತ್ತಿಗಳ ಒಂಬತ್ತು ಮಂದಿಯ ದನಿಯನ್ನು ಕೇಳಿಸಿ, ಆ ದನಿಯಿಂದ ಅವರ ವಯಸ್ಸು, ವೃತ್ತಿ, ಸ್ವಭಾವಗಳನ್ನು ಊಹಿಸುವಂತೆ ಶ್ರೋತೃಗಳನ್ನು ಕೋರಿದ್ದರು. ಸಾವಿರಾರು ಉತ್ತರಗಳು ಬಂದುವು. ಹ್ಯಾಡ್ಲಿ ಕ್ಯಾಂಟ್ರಿಲ್ ಮತ್ತು ಗಾರ್ಡನ್ ಆಲ್‌ಪೋರ್ಟ್ ಅಮೆರಿಕದಲ್ಲಿ ಬಾನುಲಿಯ ಮನಶ್ಶಾಸ್ತ್ರವನ್ನು ಕುರಿತ ಗ್ರಂಥವನ್ನು ಪ್ರಕಟಿಸಿದ್ದು 1935ರಲ್ಲಿ, ಮೈಸೂರಿನ ಕೇಂದ್ರ ಆರಂಭವಾದ ವರ್ಷದಲ್ಲಿಯೇ. ಒಂದು ಇನ್ನೊಂದಕ್ಕೆ ಕಾರಣವೆಂದು ಹೇಳಲು ಆಧಾರ ಬೇಕಿಲ್ಲ; ಮನಶ್ಶಾಸ್ತ್ರದ ಪ್ರಾಧ್ಯಾಪಕನೊಬ್ಬನಿಗೆ ಬಾನುಲಿಯ ಹಂಬಲ ಹತ್ತಿದ್ದು ಆ ಕಾಲದಲ್ಲಿ ವಿಚಿತ್ರವಾಗಿರಲಿಲ್ಲ ಎಂಬಷ್ಟನ್ನು ಈ ಹೊಂದಿಕೆ ತೋರಿಸುತ್ತದೆ.

ಕಲಕತ್ತೆಯ ನಂತರ ಭಾರತದಲ್ಲಿ ಮನಶ್ಶಾಸ್ತ್ರಕ್ಕೆ ಪ್ರತ್ಯೇಕ ವಿಭಾಗವನ್ನು ತೆರೆದ ವಿಶ್ವವಿದ್ಯಾನಿಲಯ ಮೈಸೂರು. 1924ರಲ್ಲಿ ಆರಂಭವಾದ ಆ ವಿಭಾಗವನ್ನು ಕಟ್ಟಿ ಬೆಳೆಸಿದವರು ಗೋಪಾಲಸ್ವಾಮಿಯವರು. ಆಗ ಬ್ರಜೇಂದ್ರನಾಥ ಸೀಲ್ ಅವರು ಕುಲಪತಿಗಳಾಗಿದ್ದರು. 1916ರಲ್ಲಿ ಹುಟ್ಟಿದ ವಿಶ್ವವಿದ್ಯಾನಿಲಯ ಇನ್ನೂ ಎಳೆಯದು. ಮಹಾರಾಜಾ ಕಾಲೇಜಿನ ಅಂದಿನ ವಾತಾವರಣದಲ್ಲಿ ತರಗತಿಯ ಗೋಡೆಯಾಚೆಗೂ ವಿದ್ಯೆಯನ್ನು ಒಯ್ಯಬೇಕೆಂಬ ಒತ್ತಾಸೆ ಬಲವಾಗಿತ್ತು. ಪ್ರಾಧ್ಯಾಪಕರು ಹಳ್ಳಿಗಳಿಗೂ ಸಣ್ಣ ಊರುಗಳಿಗೂ ಹೋಗಿ ವಿಜ್ಞಾನ, ಚರಿತ್ರೆ, ಆರೋಗ್ಯ, ಅರ್ಥಶಾಸ್ತ್ರಗಳನ್ನು ಕನ್ನಡದಲ್ಲಿ ತಿಳಿಸಿ ಹೇಳುವ ಪ್ರಚಾರೋಪನ್ಯಾಸಗಳು, ಆ ಉಪನ್ಯಾಸಗಳನ್ನು ಕಡಮೆ ಬೆಲೆಯ ಕಿರುಹೊತ್ತಗೆಗಳಾಗಿ ಅಚ್ಚುಹಾಕಿ ಹಂಚುವ ಕ್ರಮ, ಇವು 1930ರ ದಶಕದ ಮೈಸೂರಿನ ಹೆಗ್ಗಳಿಕೆಗಳು. ಇಂಗ್ಲಿಷಿನಲ್ಲಿ ಪಾಠ ಹೇಳುತ್ತಿದ್ದ ಪ್ರಾಧ್ಯಾಪಕರು ತಮ್ಮ ಶಾಸ್ತ್ರವನ್ನು ಕನ್ನಡದಲ್ಲಿ, ಅದೂ ಓದಲು ಬಾರದವರ ಮುಂದೆ, ಬಾಯಿಮಾತಿನಲ್ಲಿ ಹೇಳಬೇಕಾಗಿ ಬಂದುದು ಕನ್ನಡ ಗದ್ಯದ ಬೆಳವಣಿಗೆಯಲ್ಲಿ ದೊಡ್ಡ ಸಂಗತಿ. ಮೈಸೂರಿನ ಬಾನುಲಿಯನ್ನು ಯಂತ್ರವಿಜ್ಞಾನದ ಚರಿತ್ರೆಗಿಂತ ಮಿಗಿಲಾಗಿ ಈ ಪ್ರಚಾರೋಪನ್ಯಾಸದ ಪರಂಪರೆಗೆ ಸೇರಿಸಿ ನೋಡುವುದು ಯುಕ್ತ. ಉಪನ್ಯಾಸಕನು ಬಂಡಿಯಲ್ಲೋ ರೈಲಿನಲ್ಲೋ ಹೋಗುವ ಬದಲು ಅವನ ದನಿಯನ್ನಷ್ಟೇ ಕಳುಹಿಸುವ ಏರ್ಪಾಡು ಅದು.

1935ರ ಸೆಪ್ಟೆಂಬರ್ 10ರಂದು ಗೋಪಾಲಸ್ವಾಮಿಯವರು ಮೈಸೂರಿನ ತಮ್ಮ ಮನೆಯಾದ ವಿಠ್ಠಲ ವಿಹಾರದಿಂದ ಪ್ರಸಾರವನ್ನು ಆರಂಭಿಸಿದರು. ಪ್ರಸಾರಯಂತ್ರದ ಸಾಮರ್ಥ್ಯ 30 ವ್ಯಾಟ್. ಮನೆಯಲ್ಲಿ ಉರಿಸುವ 40 ವ್ಯಾಟಿನ ಬಲ್ಬಿಗಿಂತಲೂ ಕಡಮೆ. ಇಷ್ಟು ದುರ್ಬಲವಾದ ಯಂತ್ರದಿಂದ ಮುಖ್ಯವಾಗಿ ತಲುಪಬಹುದಾದದ್ದು ಊರು ಮತ್ತು ಊರ ಸುತ್ತು. ಮೈಸೂರಿಗೆ ವಿದ್ಯುತ್ತು ಬಂದು ಆಗಲೇ ಕಾಲು ಶತಮಾನ ಕಳೆದಿದ್ದರೂ ಬಾನುಲಿ ಪೆಟ್ಟಿಗೆಯು ಸ್ಥಿತಿವಂತರ ಮನೆಯ ವಸ್ತುವೇ ಆಗಿತ್ತು. ಆದ್ದರಿಂದ ಆರಂಭದ ಶ್ರೋತೃವರ್ಗವೆಂದರೆ ಎಣಿಸಬಹುದಾದಷ್ಟು ಮನೆಗಳು. ಮಾತನಾಡುವವರೂ ಹಾಡುವವರೂ ಕೇಳುವವರೂ ಒಂದೇ ಊರಿನವರು. ಬಾನುಲಿಯಲ್ಲಿ ಕೇಳಿದ ಮಾತಿಗೆ ತಕರಾರಿದ್ದರೆ ಮಾತನಾಡಿದವರನ್ನು ಮರುದಿನ ಬೀದಿಯಲ್ಲಿಯೇ ಕಂಡು ಹೇಳಬಹುದಾದಷ್ಟು ಹತ್ತಿರದ ಬಳಗ. ಕೇಂದ್ರ ಬೆಳೆದಂತೆ 250 ವ್ಯಾಟಿನ ಯಂತ್ರವನ್ನು ಹೊರದೇಶದಿಂದ ತರಿಸಲಾಯಿತು. ಸ್ವಂತ ಹಣ, ಸಾರ್ವಜನಿಕರ ನೆರವು, ಮೈಸೂರು ಪುರಸಭೆಯ ಸಹಾಯ ಇವುಗಳಿಂದ ಅದು ನಡೆಯಿತು. ಕಾಲೇಜಿನ ಪಾಠದ ಹೊಣೆಯನ್ನು ಹೊತ್ತುಕೊಂಡೇ ಸುಮಾರು ಆರು ವರ್ಷಗಳ ಕಾಲ ಅವರು ಈ ಭಾರವನ್ನು ಹೊತ್ತರು. ಇಂಥ ಕೇಂದ್ರಕ್ಕೆ ದಿನದಿನವೂ ಬೇಕಾಗುವುದು ಯಂತ್ರಕ್ಕಿಂತ ಹೆಚ್ಚಾಗಿ ಮಾತು ಮತ್ತು ಸಂಗೀತ. ಮುದ್ರಿತ ಪತ್ರಿಕೆಯ ಸಂಚಿಕೆ ಹೊರಡುವುದು ತಡವಾಗಬಹುದು, ಬಾನುಲಿಯ ಗಳಿಗೆ ತಡವಾಗುವಂತಿಲ್ಲ.

ಭಾರತದ ಮೊತ್ತಮೊದಲ ಖಾಸಗಿ ಬಾನುಲಿ ಕೇಂದ್ರ ಎಂಬ ವಿಶೇಷಣವನ್ನು ಮೈಸೂರಿಗೆ ಅಂಟಿಸುವ ರೂಢಿ ಬೆಳೆದಿದೆ. ಈ ಮಾತು ಪರಿಶೀಲನೆಯನ್ನು ತಾಳುವುದಿಲ್ಲ. ಮದರಾಸ್ ಪ್ರೆಸಿಡೆನ್ಸಿ ರೇಡಿಯೋ ಕ್ಲಬ್ 1924ರಲ್ಲಿಯೇ ಪ್ರಸಾರ ನಡೆಸಿತ್ತು. ಖಾಸಗಿಯದೇ ಆದ ಇಂಡಿಯನ್ ಬ್ರಾಡ್‌ಕಾಸ್ಟಿಂಗ್ ಕಂಪನಿ 1927ರಲ್ಲಿ ಬೊಂಬಾಯಿ, ಕಲಕತ್ತೆಗಳಲ್ಲಿ ಕೇಂದ್ರಗಳನ್ನು ತೆರೆದು 1930ರಲ್ಲಿ ದಿವಾಳಿಯೆದ್ದಿತು. ಆಮೇಲೆ ಸರ್ಕಾರ ಅದನ್ನು ವಹಿಸಿಕೊಂಡಿತು. ಹೈದರಾಬಾದಿನಲ್ಲಿ ಖಾಸಗಿ ಯತ್ನವಾಗಿ ಹುಟ್ಟಿದ ಕೇಂದ್ರ 1935ರಲ್ಲಿ ನಿಜಾಮ ಸರ್ಕಾರದ ಕೈಸೇರಿತು. ಅದೇ ವರ್ಷ ಪೇಷಾವರದಲ್ಲಿ ಮಾರ್ಕೋನಿ ಕಂಪನಿಯ ನೆರವಿನಿಂದ, ಅಲಹಾಬಾದಿನಲ್ಲಿ ಕೃಷಿ ವಿದ್ಯಾಸಂಸ್ಥೆಯಿಂದ ಗ್ರಾಮೀಣ ಪ್ರಸಾರದ ಪ್ರಯೋಗಗಳು ನಡೆದುವು. ಬಿಬಿಸಿಯಿಂದ ಬಂದ ಲಯನಲ್ ಫೀಲ್ಡನ್ ಭಾರತದ ಪ್ರಸಾರ ನಿಯಂತ್ರಕನಾಗಿ ಅಧಿಕಾರ ವಹಿಸಿಕೊಂಡದ್ದು 1935ರ ಆಗಸ್ಟ್ ಕೊನೆಯಲ್ಲಿ, ಅಂದರೆ ವಿಠ್ಠಲ ವಿಹಾರದ ದನಿ ಹೊರಡುವ ಕೆಲವೇ ದಿನ ಮೊದಲು. ಮೈಸೂರಿನ ಮಹತ್ತ್ವವನ್ನು ಮೊದಲಿಗತನದಲ್ಲಿ ಹುಡುಕುವುದು ವ್ಯರ್ಥ. ಕಂಪನಿಯೂ ಅಲ್ಲದ, ಸರ್ಕಾರವೂ ಅಲ್ಲದ, ಒಬ್ಬ ಅಧ್ಯಾಪಕನ ಮನೆಯನ್ನು ಕೇಂದ್ರವಾಗಿಸಿಕೊಂಡ, ದೇಶಭಾಷೆಯ ಹೆಸರಿನಿಂದಲೇ ತನ್ನನ್ನು ಕರೆದುಕೊಂಡ ಸಂಸ್ಥೆ ಎಂಬಲ್ಲಿ ಅದರ ಅನನ್ಯತೆಯಿದೆ.

ಹೆಸರಿನ ವಿಚಾರದಲ್ಲಿ ಎರಡು ಪರಂಪರೆಗಳಿವೆ. ಆಕಾಶವಾಣಿ ಎಂಬ ಹೆಸರಿನ ಕರ್ತೃತ್ವವನ್ನು ಹೆಚ್ಚಿನ ಆಕರಗಳು ಗೋಪಾಲಸ್ವಾಮಿಯವರಿಗೇ ಸಲ್ಲಿಸುತ್ತವೆ. ಅವರಿಗೆ ಕೇಂದ್ರದ ಕೆಲಸದಲ್ಲಿ ನೆರವಾಗಿದ್ದ ನಾ. ಕಸ್ತೂರಿಯವರು ಅದನ್ನು ಸೂಚಿಸಿದರೆಂಬ ಮಾತೂ ಪ್ರಚಲಿತವಾಗಿದೆ. ಕೇರಳದ ತೃಪ್ಪೂಣಿತ್ತುರದಲ್ಲಿ 1897ರಲ್ಲಿ ಹುಟ್ಟಿ, ಮೈಸೂರಿಗೆ ಬಂದು ಚರಿತ್ರೆಯ ಅಧ್ಯಾಪಕರಾಗಿ, ಕನ್ನಡವನ್ನು ಕಲಿತು ಅದರ ಹಾಸ್ಯಲೇಖಕರಲ್ಲಿ ಒಬ್ಬರಾಗಿ ಬೆಳೆದ ಕಸ್ತೂರಿಯವರು ಪದಗಳೊಡನೆ ಆಟವಾಡಬಲ್ಲವರು. ‘ಅನರ್ಥಕೋಶ’ವನ್ನು ರಚಿಸಿದ ಲೇಖನಿಗೆ ಇಂಥ ಹೆಸರು ಹೊಳೆಯುವುದು ಅಸಹಜವೇನಲ್ಲ. ಈ ಎರಡು ಪರಂಪರೆಗಳಲ್ಲಿ ಒಂದನ್ನು ಆರಿಸಿ ತೀರ್ಪು ಕೊಡುವುದರಿಂದ ಹೆಚ್ಚಿನ ಪ್ರಯೋಜನವಿಲ್ಲ. ಹೆಸರನ್ನು ಸೂಚಿಸಿದವರು ಯಾರೇ ಇರಲಿ, ಅದನ್ನು ಒಪ್ಪಿ ಸಂಸ್ಥೆಗೆ ಇಟ್ಟು ಬಳಕೆಗೆ ತಂದವರು ಗೋಪಾಲಸ್ವಾಮಿಯವರು. ರವೀಂದ್ರನಾಥ ಠಾಕೂರರು ಕಲಕತ್ತೆಯ ಬಾನುಲಿಗಾಗಿ 1938ರಲ್ಲಿ ಬರೆದ ಕವಿತೆಯಲ್ಲಿ ಈ ಪದವನ್ನು ಬಳಸಿದ್ದರಿಂದ ನಾಮಕರಣದ ಕೀರ್ತಿಯನ್ನು ಅವರಿಗೆ ಕೊಡುವುದುಂಟು. ಮೈಸೂರಿನ ಬಳಕೆ ಅದಕ್ಕಿಂತ ಹಿಂದಿನದು.

ಕರ್ತೃತ್ವಕ್ಕಿಂತಲೂ ಪದದ ಅರ್ಥವ್ಯಾಪ್ತಿ ಇಲ್ಲಿ ಹೆಚ್ಚು ವಿಚಾರಾರ್ಹ. ಆಕಾಶವಾಣಿ ಹೊಸದಾಗಿ ಟಂಕಿಸಿದ ಪದವಲ್ಲ. ಅಶರೀರವಾಣಿ, ಗಗನವಾಣಿಗಳ ಜತೆಗೆ ಪುರಾಣ ಕಾವ್ಯಗಳಲ್ಲಿ ನೆಲೆಗೊಂಡಿದ್ದ ಕಲ್ಪನೆ. ಆದಿಪರ್ವದ ಶಕುಂತಲೋಪಾಖ್ಯಾನದಲ್ಲಿ ಮಗನನ್ನು ಸ್ವೀಕರಿಸಲು ಹಿಂಜರಿಯುವ ದುಷ್ಯಂತನಿಗೆ ಆದೇಶ ನೀಡುವುದು ಅಶರೀರವಾಣಿ. ದೇವಕಿಯ ಮದುವೆಯ ಮೆರವಣಿಗೆಯಲ್ಲಿ ರಥ ನಡೆಸುತ್ತಿದ್ದ ಕಂಸನಿಗೆ ಅವನ ಸಾವನ್ನು ಮುನ್ನುಡಿಯುವುದೂ ಅದೇ. ಈ ಎಲ್ಲ ಸಂದರ್ಭಗಳಲ್ಲಿಯೂ ಆ ದನಿಗೆ ಎರಡು ಲಕ್ಷಣಗಳಿವೆ. ಅದು ಸುಳ್ಳಾಡುವುದಿಲ್ಲ, ಅದಕ್ಕೆ ಎದುರುತ್ತರ ಕೊಡುವಂತಿಲ್ಲ. ಸಂಸ್ಕೃತ ನಾಟಕಶಾಸ್ತ್ರದ ಆಕಾಶಭಾಷಿತವಾದರೋ ಇದಕ್ಕೆ ತದ್ವಿರುದ್ಧ: ರಂಗದ ಮೇಲೆ ಒಂಟಿಯಾಗಿರುವ ಪಾತ್ರವು ಕಾಣದ ಇನ್ನೊಬ್ಬನೊಡನೆ ಪ್ರಶ್ನೋತ್ತರ ನಡೆಸುವ ತಂತ್ರ ಅದು. ಅಲ್ಲಿ ಸಂವಾದದ ಭಾಸವಾದರೂ ಇದೆ. ಆಕಾಶವಾಣಿಯಲ್ಲಿ ಅದೂ ಇಲ್ಲ.

ಹೆಸರಿಟ್ಟವರ ಉದ್ದೇಶ ಸರಳವಾಗಿದ್ದಿರಬೇಕು. ಮೈಯಿಲ್ಲದ ದನಿ ಎಂಬ ಯಂತ್ರವಿಸ್ಮಯವನ್ನು ಹರಿಕಥೆ, ಗಮಕ, ಬಯಲಾಟಗಳಲ್ಲಿ ಮೊದಲೇ ಅದನ್ನು ಕೇಳಿಬಲ್ಲ ಜನಕ್ಕೆ ಪರಿಚಿತಗೊಳಿಸಲು ಇದಕ್ಕಿಂತ ಒಳ್ಳೆಯ ಪದ ಸಿಗದು. ರೇಡಿಯೋ ಎಂಬ ಪರಪದವನ್ನು ವಿವರಿಸಬೇಕಾಗುತ್ತದೆ, ಆಕಾಶವಾಣಿಯನ್ನು ವಿವರಿಸಬೇಕಾಗಿಲ್ಲ. ಆದರೆ ಪದಗಳು ತಮ್ಮ ಹಳೆಯ ಅಧಿಕಾರವನ್ನು ಹೊತ್ತುಕೊಂಡೇ ಬರುತ್ತವೆ. ಊರೊಳಗೆ ಮುಗಿದುಹೋಗುವ, ತಪ್ಪಿದರೆ ತಿದ್ದಬಹುದಾದ ಮನೆಯಂಗಳದ ದನಿಗೆ ದೈವವಾಣಿಯ ಗಾಂಭೀರ್ಯದ ಹೆಸರು ತುಸು ಭಾರವಾದದ್ದೇ. ಮುಂದೆ ದೇಶಾದ್ಯಂತ ಒಂದೇ ಕೇಂದ್ರೀಯ ನೀತಿಯಡಿ ಮಾತನಾಡಿದ ಸರ್ಕಾರಿ ಸಂಸ್ಥೆಗೆ ಅದು ಅಳತೆ ತೆಗೆದು ಹೊಲಿಸಿದಂತೆ ಕೂತಿತು. ಹೆಸರಿಟ್ಟ ಮನೆಗಿಂತ ಹೆಸರನ್ನು ಪಡೆದ ಪ್ರಭುತ್ವಕ್ಕೇ ಅದು ಹೆಚ್ಚು ಒಪ್ಪಿತೆಂಬುದು ಈ ನಾಮಕರಣದ ವಿಡಂಬನೆ.

1940ರ ದಶಕದ ಆದಿಯಲ್ಲಿ ಕೇಂದ್ರವು ಮೈಸೂರು ಸಂಸ್ಥಾನದ ಸರ್ಕಾರಕ್ಕೆ ಸೇರಿತು. ಒಬ್ಬ ಪ್ರಾಧ್ಯಾಪಕನ ಸಂಬಳ ಮತ್ತು ಚಂದಾಗಳಿಂದ ನಡೆಯುವ ಸಂಸ್ಥೆಗೆ ಇದು ಅನಿವಾರ್ಯವಾಗಿತ್ತು. ಯುದ್ಧಕಾಲದಲ್ಲಿ ಬಾನುಲಿಯ ಮೇಲೆ ಸರ್ಕಾರಗಳ ಕಣ್ಣು ಎಲ್ಲೆಡೆಯೂ ಬಿಗಿಯಾಗಿದ್ದುದನ್ನೂ ನೆನೆಯಬೇಕು. ಹೀಗೆ ಹಸ್ತಾಂತರವಾದರೂ ಹೆಸರು ಹಾಗೆಯೇ ಉಳಿಯಿತು. ಬ್ರಿಟಿಷ್ ಭಾರತದ ಸಂಸ್ಥೆಯು 1936ರ ಜೂನ್ 8ರಿಂದ ಆಲ್ ಇಂಡಿಯಾ ರೇಡಿಯೋ ಎಂಬ ಇಂಗ್ಲಿಷ್ ಹೆಸರನ್ನು ಹೊತ್ತು ನಡೆದಿದ್ದಾಗ, ಮೈಸೂರು ಸಂಸ್ಥಾನದ ಬಾನುಲಿ ಮಾತ್ರ ಆಕಾಶವಾಣಿಯಾಗಿಯೇ ಮುಂದುವರಿಯಿತು.

ಸಂಸ್ಥಾನಗಳು ಭಾರತದೊಡನೆ ವಿಲೀನಗೊಂಡ ಮೇಲೆ 1950ರ ಏಪ್ರಿಲ್ 1ರಂದು ಮೈಸೂರು, ಹೈದರಾಬಾದು, ತಿರುವನಂತಪುರ ಮೊದಲಾದ ಸಂಸ್ಥಾನಿಕ ಕೇಂದ್ರಗಳನ್ನು ಆಲ್ ಇಂಡಿಯಾ ರೇಡಿಯೋ ವಹಿಸಿಕೊಂಡಿತು. ಆ ವರ್ಷದ ಜನವರಿ 8ರಂದು ಧಾರವಾಡದಲ್ಲಿ ಕೇಂದ್ರವೊಂದು ತೆರೆದಿತ್ತು. ಮುಂದೆ ದ.ರಾ. ಬೇಂದ್ರೆಯವರು ಅದರ ಸಲಹೆಗಾರರಾದರು. ಸಾಹಿತಿಗಳನ್ನು ಬಾನುಲಿಯ ಒಳಕ್ಕೆ ತಂದ ಆ ಕಾಲದ ಪದ್ಧತಿಯಿಂದ ಕನ್ನಡಕ್ಕೆ ಬಾನುಲಿ ನಾಟಕ, ಚಿಂತನ, ರೂಪಕ, ಭಾಷಣಗಳ ಸಮೃದ್ಧ ಪ್ರಕಾರಗಳು ದೊರೆತುವು. ಇದನ್ನು ಕಡೆಗಣಿಸುವುದು ಕೃತಘ್ನತೆಯಾದೀತು. ಪ್ರಭುತ್ವದ ಆಕಾಶವಾಣಿಯು ಕನ್ನಡ ಗದ್ಯಕ್ಕೂ ಸುಗಮ ಸಂಗೀತಕ್ಕೂ ಮಾಡಿದ ಉಪಕಾರ ವಿಠ್ಠಲ ವಿಹಾರದ 30 ವ್ಯಾಟುಗಳಿಂದ ಆಗುವಂಥದ್ದಲ್ಲ. ಆದರೆ ಅದೇ ಪ್ರಕ್ರಿಯೆಯಲ್ಲಿ ಮೈಸೂರು ತನ್ನ ದನಿಯನ್ನು ಕಳೆದುಕೊಂಡಿತು. 1955ರ ನವೆಂಬರ್ 2ರಂದು ಬೆಂಗಳೂರು ಕೇಂದ್ರ ಆರಂಭವಾದಾಗ ಮೈಸೂರಿನ ಕೇಂದ್ರವು ಅಲ್ಲಿಗೆ ಸ್ಥಳಾಂತರಗೊಂಡಿತು. ರಾಜಧಾನಿಗೆ ಪ್ರಬಲವಾದ ಕೇಂದ್ರ ಬೇಕೆಂಬುದು ಆಡಳಿತದ ದೃಷ್ಟಿಯಿಂದ ಸರಿಯಾದ ವಾದ. ಆಕಾಶವಾಣಿ ಎಂಬ ಹೆಸರನ್ನು ಕೊಟ್ಟ ಊರಿನಲ್ಲಿಯೇ ಆಕಾಶವಾಣಿ ಇಲ್ಲವಾದದ್ದು ಅದರ ಇನ್ನೊಂದು ಮುಖ.

ಊರಿನ ಕೇಂದ್ರ ಹೋದ ಒಂದೆರಡು ವರ್ಷಗಳಲ್ಲಿಯೇ ಹೆಸರು ರಾಷ್ಟ್ರೀಯವಾಯಿತು. 1956-57ರ ಸುಮಾರಿಗೆ ಕೇಂದ್ರ ಸರ್ಕಾರವು ಇಡೀ ಪ್ರಸಾರ ಸಂಸ್ಥೆಗೆ ಆಕಾಶವಾಣಿ ಎಂಬ ಹೆಸರನ್ನು ಅಂಗೀಕರಿಸಿತು. ಗೋಪಾಲಸ್ವಾಮಿಯವರು 1957ರಲ್ಲಿ ನಿಧನರಾದರು. ಅವರ ಬದುಕಿನ ಕೊನೆಯ ಅವಧಿಯಲ್ಲಿ ನಡೆದ ಈ ಎರಡು ಘಟನೆಗಳನ್ನು, ಅಂದರೆ ಕೇಂದ್ರದ ನಿರ್ಗಮನ ಮತ್ತು ಹೆಸರಿನ ವಿಸ್ತರಣೆಗಳನ್ನು, ಒಟ್ಟಿಗೆ ಇಟ್ಟು ನೋಡಿದಾಗಲೇ ಅವರಿಗೆ ಸಂದ ಮನ್ನಣೆಯ ಸ್ವರೂಪ ತಿಳಿಯುತ್ತದೆ. ಹೆಸರು ದೆಹಲಿಗೆ ಹೋಯಿತು, ಯಂತ್ರ ಬೆಂಗಳೂರಿಗೆ ಹೋಯಿತು. ಪ್ರಯೋಗದ ನೆನಪು ಮೈಸೂರಿನಲ್ಲಿ ಉಳಿಯಿತು. ಮೈಸೂರಿನಲ್ಲಿ ಮತ್ತೆ ಕೇಂದ್ರ ಆರಂಭವಾದದ್ದು 1974ರ ನವೆಂಬರ್ 14ರಂದು, ಸುಮಾರು ಎರಡು ದಶಕಗಳ ಮೌನದ ತರುವಾಯ. ಯಾದವಗಿರಿಯಲ್ಲಿರುವ ಆ ಕೇಂದ್ರಕ್ಕೂ ವಿಠ್ಠಲ ವಿಹಾರಕ್ಕೂ ನಡುವಿನ ದೂರ ಇನ್ನೂರು ಗಜಗಳಷ್ಟು.

ಗೋಪಾಲಸ್ವಾಮಿಯವರನ್ನು ಕುರಿತು ವಿಸ್ತಾರವಾದ ಅಧ್ಯಯನ ಬೆಳೆಯದಿರುವುದಕ್ಕೆ ಅವರ ಮಾಧ್ಯಮದ ಸ್ವಭಾವವೇ ಒಂದು ಕಾರಣ. ಅಂದಿನ ಪ್ರಸಾರಗಳು ನೇರ ಪ್ರಸಾರಗಳು. ಟೇಪಿನ ಮೇಲೆ ದನಿಯನ್ನು ಹಿಡಿದಿಡುವ ಪದ್ಧತಿ ಬಾನುಲಿಯಲ್ಲಿ ಬೇರೂರಿದ್ದು ಎರಡನೆಯ ಮಹಾಯುದ್ಧದ ನಂತರ. ಪತ್ರಿಕೆಯ ಹಳೆಯ ಸಂಚಿಕೆ ಗ್ರಂಥಾಲಯದ ಮೂಲೆಯಲ್ಲಾದರೂ ಉಳಿಯುತ್ತದೆ, ನುಡಿದ ಮಾತು ಉಳಿಯುವುದಿಲ್ಲ. ಹೀಗಾಗಿ ಕನ್ನಡ ಬಾನುಲಿಯ ಮೊದಲ ಹಂತವನ್ನು ಕುರಿತ ಸಂಶೋಧನೆಯು ಮಾತಿನ ಬದಲು ಮಾತಿನ ಸುತ್ತಲಿನ ಕಾಗದಗಳನ್ನು ಆಶ್ರಯಿಸಬೇಕಾಗುತ್ತದೆ: ಪುರಸಭೆಯ ನಡವಳಿಗಳು, ಸಂಸ್ಥಾನದ ಆಡಳಿತ ವರದಿಗಳು, ವಿಶ್ವವಿದ್ಯಾನಿಲಯದ ದಾಖಲೆಗಳು, ಮಾತನಾಡಿದವರ ಆತ್ಮಕಥನಗಳು. ಕನ್ನಡ ವಿಭಾಗಗಳ ಸಂಶೋಧನೆ ಹಸ್ತಪ್ರತಿ ಮತ್ತು ಮುದ್ರಿತ ಪಠ್ಯಗಳಿಗೆ ತೋರಿದ ಶ್ರದ್ಧೆಯ ಒಂದು ಪಾಲು ಇಲ್ಲಿಗೂ ಸಲ್ಲಬೇಕಾಗಿದೆ. ಆತ್ಮಕಥನಗಳ ವಿಷಯದಲ್ಲಿ ಆ ಕೆಲಸ ಕಷ್ಟವೇನೂ ಅಲ್ಲ.

ಹೆಸರಿನ ಪಯಣ ಆಮೇಲೂ ನಿಲ್ಲಲಿಲ್ಲ. 1990ರ ಪ್ರಸಾರ ಭಾರತಿ ಅಧಿನಿಯಮವು ಆಕಾಶವಾಣಿ ಎಂಬ ಹೆಸರನ್ನೇ ಶಾಸನಕ್ಕೆ ಸೇರಿಸಿತು. 1997ರ ನವೆಂಬರಿನಲ್ಲಿ ಪ್ರಸಾರ ಭಾರತಿ ಅಸ್ತಿತ್ವಕ್ಕೆ ಬಂದಿತು. ಆದರೂ ಇಂಗ್ಲಿಷ್ ಪ್ರಸಾರಗಳಲ್ಲಿ ಆಲ್ ಇಂಡಿಯಾ ರೇಡಿಯೋ ಎಂದೇ ಹೇಳುವ ವಾಡಿಕೆ ಮುಂದುವರಿದಿತ್ತು. 2023ರ ಮೇ ತಿಂಗಳಲ್ಲಿ ಹೊರಟ ಆದೇಶದಿಂದ ಅದೂ ನಿಂತು, ಎಲ್ಲ ಪ್ರಸಾರಗಳಲ್ಲಿಯೂ ಆಕಾಶವಾಣಿಯೆಂದೇ ಬಳಸಬೇಕೆಂದಾಯಿತು.

ಪ್ರಯೋಗದ ಪಯಣ ಬೇರೆಯದು. ಅಲೆತರಂಗಗಳು ಸಾರ್ವಜನಿಕ ಸ್ವತ್ತು, ಅವುಗಳ ಮೇಲೆ ಸರ್ಕಾರದ ಏಕಸ್ವಾಮ್ಯ ಸಲ್ಲದು ಎಂದು ಸರ್ವೋಚ್ಚ ನ್ಯಾಯಾಲಯವು 1995ರ ಫೆಬ್ರವರಿಯಲ್ಲಿ ತೀರ್ಪು ನೀಡಿತು. ಅದಾದ ಮೇಲೂ ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ ಹಳ್ಳಿಯವರೇ ರೂಪಿಸಿದ ‘ನಮ್ಮ ಧ್ವನಿ’ ಕಾರ್ಯಕ್ರಮಗಳಿಗೆ ಗಾಳಿಯಲ್ಲಿ ಪ್ರಸಾರದ ಅನುಮತಿಯಿರಲಿಲ್ಲ. ಅವುಗಳನ್ನು ಕೇಬಲ್ ತಂತಿಯ ಮೂಲಕ ಮನೆಮನೆಗೆ ಕೇಳಿಸಬೇಕಾಯಿತು. ವಿದ್ಯಾಸಂಸ್ಥೆಗಳು ಸ್ವತಃ ಬಾನುಲಿ ಕೇಂದ್ರವನ್ನು ನಡೆಸಲು ಸರ್ಕಾರ ಒಪ್ಪಿದ್ದು 2002ರ ಕೊನೆಯಲ್ಲಿ. 2006ರಲ್ಲಿ ಸ್ವಯಂಸೇವಾ ಸಂಸ್ಥೆಗಳಿಗೂ ಈ ಅವಕಾಶ ವಿಸ್ತರಿಸಿತು. ಬೆಂಗಳೂರಿನಲ್ಲಿ ಜೈನ್ ಶಿಕ್ಷಣ ಸಂಸ್ಥೆಯ ‘ರೇಡಿಯೋ ಆಕ್ಟಿವ್’ 2007ರಲ್ಲಿ ಆರಂಭವಾಯಿತು. ಇಂಥ ಸಮುದಾಯ ಬಾನುಲಿ ಕೇಂದ್ರಗಳಿಗೆ ನಿಯಮಾವಳಿ ವಿಧಿಸಿದ ಪ್ರಸಾರಯಂತ್ರದ ಗರಿಷ್ಠ ಸಾಮರ್ಥ್ಯ 50 ವ್ಯಾಟ್, ವಿಠ್ಠಲ ವಿಹಾರದ ಮೊದಲ ಯಂತ್ರಕ್ಕಿಂತ 20 ವ್ಯಾಟ್ ಹೆಚ್ಚು.